ಪರೀಕ್ಷೆಯವರ ದೂರು

ಮೂರನೆಯ ಪೋರ್ಟಲ್ಲಿಗೆ ಎಷ್ಟು ಅಂಕ ಕೊಡಬೇಕೆಂದು ಅವನು ಅದನ್ನು ನೋಡುವ ಮೊದಲೇ, ಬೆಳಿಗ್ಗೆ ಹಲ್ಲುಜ್ಜುವಾಗಲೇ ತೀರ್ಮಾನ ಮಾಡಿಬಿಟ್ಟಿದ್ದ. ಹತ್ತಕ್ಕೆ ಎರಡು. ಸೊನ್ನೆ ಕೊಟ್ಟರೆ ಅನುಮಾನ ಬರುತ್ತದೆ, ಮೂರು ಕೊಟ್ಟರೆ ಅದು ಅಪ್ಪಿತಪ್ಪಿ ಪಾಸಾಗಿಬಿಡಬಹುದು. ಎರಡು ಅಂದರೆ ನೋಡಿದವರಿಗೆ 'ಪಾಪ, ಏನೋ ಯೋಚನೆ ಮಾಡಿಯೇ ಕೊಟ್ಟಿದ್ದಾನೆ' ಅನ್ನಿಸುವಂಥ ಅಂಕ. ಕನ್ನಡಿಯಲ್ಲಿ ಬಾಯಿತುಂಬ ನೊರೆ ತುಂಬಿಕೊಂಡ ಐವತ್ತೊಂದು ವರ್ಷದ ಮುಖ ಅವನನ್ನೇ ನೋಡುತ್ತಿತ್ತು. ಇಂಥ ಮುಖದವನು ಮೋಸ ಮಾಡುತ್ತಾನೆಂದು ಯಾರೂ ನಂಬಲಾರರು ಎಂದು ಅವನಿಗೆ ಸಮಾಧಾನವಾಯಿತು, ಮರುಕ್ಷಣವೇ ಆ ಸಮಾಧಾನದಿಂದ ಅವಮಾನವೂ ಆಯಿತು. ಬಚ್ಚಲ ಬಾಗಿಲಿನ ಆಚೆಯಿಂದ ಹೆಂಡತಿ ಏನೋ ಹೇಳಿದಳು. ಅವನು 'ಹೂಂ' ಅಂದ. ನೊರೆಯ ನಡುವೆ ಅದು ಹೇಗೆ ಕೇಳಿಸಿತೋ, ಅವಳು ಮತ್ತೆ ಕೇಳಲಿಲ್ಲ.

ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ಸಿಕ್ಕಬಾರದಿತ್ತು, ನಿಂತುಕೊಂಡಿದ್ದರೆ ಕಾಲು ನೋವಿನಲ್ಲಾದರೂ ಯೋಚನೆ ಮರೆಯುತ್ತಿತ್ತು. ಅವನು ವಾಷಿಂಗ್ ಮೆಶಿನ್ ಮಾಡುವ ಕಂಪನಿಯೊಂದರ ದೂರು ವಿಭಾಗದಲ್ಲಿ ಹಿರಿಯ ಸಹಾಯಕ, ಸಿಬ್ಬಂದಿ ಸಂಖ್ಯೆ ಹದಿನಾಲ್ಕು. ಬೆನ್ನ ಹಿಂದೆ ಎಲ್ಲರೂ ಅವನನ್ನು ದೂರಪ್ಪ ಅನ್ನುತ್ತಿದ್ದರು, ಅದು ಅವನಿಗೂ ಗೊತ್ತಿತ್ತು. ಆ ವಿಭಾಗದ ತಂತ್ರಾಂಶ ಅವನಿಗಿಂತ ಹಳೆಯ ನೌಕರ: ಕಪ್ಪು ಪರದೆ, ಹಸಿರು ಅಕ್ಷರ, ಮೌಸ್ ಅಂದರೆ ಏನೆಂದೇ ಅದಕ್ಕೆ ಗೊತ್ತಿಲ್ಲ. ಅದಕ್ಕೊಂದು ಹಟವಿತ್ತು. ಸಂಜೆ ಮನೆಗೆ ಹೊರಡುವ ಮುನ್ನ, ನಿಮ್ಮ ಹೆಸರಿನಲ್ಲಿರುವ ಪ್ರತಿಯೊಂದು ತೆರೆದ ದೂರಿಗೂ ಒಂದು ಷರಾ ಬರೆಯಲೇಬೇಕು. ಅರವತ್ತು ಅಕ್ಷರದೊಳಗೆ. ಬರೆಯದೆ ಇದ್ದರೆ ಅದು ನಿಮ್ಮನ್ನು ಹೊರಗೆ ಬಿಡುವುದಿಲ್ಲ, ಕೀ ಕೀ ಎಂದು ಕೂಗುತ್ತಿರುತ್ತದೆ. ಒಮ್ಮೆ ಒಬ್ಬ ಹೊಸಬ ಹಾಗೇ ಎದ್ದು ಹೋಗಿ, ಅದು ಎರಡು ದಿನ ಶನಿವಾರ ಭಾನುವಾರವೆನ್ನದೆ ಕೂಗಿ, ಕಾವಲುಗಾರ ಅದನ್ನು ಬೆಂಕಿಯ ಗಂಟೆಯೆಂದು ತಿಳಿದು ಬಕೆಟ್ಟಿನಲ್ಲಿ ನೀರು ತಂದಿದ್ದ.

ಹನ್ನೊಂದು ವರ್ಷದ ಹಿಂದೆ ಉಗ್ರಾಣದಿಂದ ದೂರು ವಿಭಾಗಕ್ಕೆ ವರ್ಗವಾಗಿ ಬಂದ ಮೊದಲ ದಿನ, ಕೈ ಪಳಗಲಿ ಎಂದು ಅವನಿಂದ ಒಂದು ಸುಳ್ಳು ದೂರು ಹಾಕಿಸಿದ್ದರು. ಗ್ರಾಹಕರ ಹೆಸರು: ಪರೀಕ್ಷೆ. ವಿಳಾಸಕ್ಕೆ ಏನೋ ಒಂದು ಬರೆದ, ತಂತ್ರಾಂಶ ಒಪ್ಪಲಿಲ್ಲ. ನಿಜವಾದ ಮನೆ ಸಂಖ್ಯೆ ಬೇಕು, ನಿಜವಾದ ಮೆಶಿನ್ ಸಂಖ್ಯೆ ಬೇಕು, ಫೋನ್ ಸಂಖ್ಯೆ ಬೇಕು. ಅವನಿಗೆ ಬಾಯಿಪಾಠವಿದ್ದದ್ದು ಒಂದೇ ಮನೆ, ಒಂದೇ ಮೆಶಿನ್. ತನ್ನ ಮನೆಯದನ್ನೇ ಹಾಕಿದ, ಫೋನು ಮಾತ್ರ ಹೆಂಡತಿಯದು. ದೂರಿನ ವಿವರ: ಶಬ್ದ ಬರುತ್ತದೆ. ಭೇಷ್, ಈಗ ಅಳಿಸಿ ಅಂದರು. ಅಳಿಸಲು ಹೋದರೆ ಸಹಾಯಕ ಉಪ ನಿಯಂತ್ರಕರ ಅನುಮತಿ ಬೇಕೆಂದಿತು ಪರದೆ. ಆ ಹುದ್ದೆ ರದ್ದಾಗಿ ನಾಲ್ಕು ವರ್ಷವಾಗಿತ್ತು. ಹೋಗಲಿ ಮುಗಿಸಿಬಿಡೋಣವೆಂದರೆ ಯಾವ ಬಿಡಿಭಾಗ ಬದಲಾಯಿಸಿದಿರಿ ಎಂದು ಕೇಳಿತು. ಇಲ್ಲದ ದೂರಿಗೆ ಯಾವ ಬಿಡಿಭಾಗ ಬದಲಾಯಿಸುವುದು! ಹಾಗೆ ಆ ದೂರು ತೆರೆದೇ ಉಳಿಯಿತು, ಪ್ರತಿದಿನ ಸಂಜೆ ಐದೂವರೆಗೆ ಷರಾ ಕೇಳತೊಡಗಿತು. ಮೊದಲ ಮೂರು ತಿಂಗಳು ಅವನು 'ಪರಿಶೀಲನೆಯಲ್ಲಿದೆ' ಎಂದು ಬರೆದ. ಒಂದು ಸಂಜೆ, ಯಾಕೆಂದು ಅವನಿಗೂ ಗೊತ್ತಿಲ್ಲ, 'ಇವತ್ತು ಯಾರೂ ನನ್ನ ಹತ್ತಿರ ಮಾತಾಡಲಿಲ್ಲ' ಎಂದು ಬರೆದುಬಿಟ್ಟ. ತಂತ್ರಾಂಶ ಕೂಗಲಿಲ್ಲ. 'ಷರಾ ಸ್ವೀಕರಿಸಲಾಗಿದೆ, ಧನ್ಯವಾದ' ಅಂದಿತು. ಆ ಧನ್ಯವಾದ ಅವನ ಮನಸ್ಸಿಗೆ ತಟ್ಟಿತು. ಅವತ್ತಿನಿಂದ ಸುಮಾರು ಮೂರು ಸಾವಿರ ಷರಾಗಳಾಗಿದ್ದವು.

ಹಳೆಯ ಪರದೆಯಲ್ಲಿ ಕಾಣುವುದು ಕೊನೆಯ ಷರಾ ಒಂದೇ. ಹಿಂದಿನದು ನೋಡಬೇಕಾದರೆ ಒಂದೊಂದೇ ಪುಟ ಹಿಂದೆ ಹೋಗಬೇಕು, ಅಷ್ಟು ತಾಳ್ಮೆ ಆ ಕಟ್ಟಡದಲ್ಲಿ ಯಾರಿಗೂ ಇರಲಿಲ್ಲ. ಹೀಗಾಗಿ ಅವನು ಬಾವಿಗೆ ಕಲ್ಲು ಹಾಕಿದಷ್ಟು ನಿಶ್ಚಿಂತೆಯಿಂದ ಬರೆದ. ಅರವತ್ತು ಅಕ್ಷರದಲ್ಲಿ ಸುಳ್ಳು ಹೇಳಲು ಜಾಗ ಸಾಲುವುದಿಲ್ಲ. ಸುಳ್ಳಿಗೆ ವಿವರಣೆ ಬೇಕಾಗುತ್ತದೆ. ಆದ್ದರಿಂದ ನಿಜವನ್ನೇ ಬರೆದ. ಈಗ ಕಂಪನಿಗೆ ಹೊಸ ಹುಮ್ಮಸ್ಸು ಬಂದು, ಗ್ರಾಹಕ ಸೇವೆಗೆ ವೆಬ್ ಪೋರ್ಟಲ್ ತರಬೇಕೆಂದಾಗಿ, ಮೂರು ಸಂಸ್ಥೆಗಳನ್ನು ಕರೆಸಿ, ಪ್ರದರ್ಶನ ನೋಡಿ ಅಂಕ ಕೊಡಲು ಮೌಲ್ಯಮಾಪನ ಸಮಿತಿ ಮಾಡಿ, 'ಹಳೇದು ನಿಮಗಿಂತ ಚೆನ್ನಾಗಿ ಯಾರಿಗ್ರೀ ಗೊತ್ತು' ಎಂದು ಮ್ಯಾನೇಜರು ಅವನನ್ನೂ ಅದರಲ್ಲಿ ಕೂರಿಸಿದ್ದರು. ಅವನಿಗೆ ಅಪಾಯ ಗೊತ್ತಾದದ್ದು ಮೊದಲ ಸಭೆಯಲ್ಲೇ, ಮ್ಯಾನೇಜರು ಮೇಜು ಕುಟ್ಟಿ, 'ಹಳೇ ಷರಾ ಅಷ್ಟೂ ಒಂದೇ ಪುಟದಲ್ಲಿ ಕಾಣ್ಬೇಕು, ನಮಗೂ ಕಾಣ್ಬೇಕು, ಗ್ರಾಹಕರಿಗೂ ಕಾಣ್ಬೇಕು' ಅಂದಾಗ. ಮೂರರಲ್ಲಿ ಅದನ್ನು ಮಾಡಿ ತೋರಿಸುತ್ತೇವೆಂದು ಒಪ್ಪಿದ್ದು ಮೂರನೆಯವರು ಮಾತ್ರ. ಅದು ಆಯ್ಕೆಯಾದರೆ ಅವನು ಎಲ್ಲರೆದುರು ಬಟ್ಟೆಯಿಲ್ಲದೆ ನಿಂತ ಹಾಗೆ.

ಸೋಮವಾರ ಬಂದ ಮೊದಲನೆಯ ಪೋರ್ಟಲ್ ಅವನಿಗೆ ಬಹಳ ಹಿಡಿಸಿತ್ತು. ಅದರಲ್ಲಿ ಒಂದು ನೀಲಿ ಚಕ್ರ ತಿರುಗುತ್ತಿತ್ತು, ಮುಕ್ಕಾಲು ಗಂಟೆ ತಿರುಗಿತು, ತಂದವರು ಬೆವರು ಒರೆಸಿಕೊಂಡು 'ಇಂಟರ್‌ನೆಟ್ ಸ್ವಲ್ಪ' ಅಂದರು, ಕೊನೆಗೆ ಚಕ್ರ ನಿಂತಾಗ ಹಳೆಯ ಮಾಹಿತಿಯೆಲ್ಲ ನಾಪತ್ತೆಯಾಗಿ, 'ನಿಮಗೆ ಯಾವ ಗ್ರಾಹಕರೂ ಇಲ್ಲ' ಎಂದು ಬಂದಿತ್ತು. ಹಳೆಯ ಮಾಹಿತಿಯ ವರ್ಗಾವಣೆ ಎಂಬ ಕಲಮಿನಲ್ಲಿ ಅವನು ಒಂಬತ್ತು ಕೊಟ್ಟ. ಮ್ಯಾನೇಜರು ಹಾಳೆ ನೋಡಿ, 'ರೀ, ಇದು ಇದ್ದದ್ದೆಲ್ಲಾ ನುಂಗಿ ನೀರು ಕುಡೀತು. ಒಂಬತ್ತು ಯಾಕ್ರೀ?' ಅಂದರು. 'ಅದರಲ್ಲಿ ಒಂಥರಾ ಶಾಂತಿ ಇದೆ ಸಾರ್' ಅಂದ ಅವನು. ಪಕ್ಕದಲ್ಲಿದ್ದ ಬಿಡಿಭಾಗ ವಿಭಾಗದ ಮೇಡಂ, ಸಮಿತಿಯ ಮೂರನೆಯ ಸದಸ್ಯೆ, ಕನ್ನಡಕದ ಮೇಲಿಂದ ಅವನನ್ನೇ ನೋಡಿದರು. ಬುಧವಾರ ಬಂದ ಎರಡನೆಯದು ದೂರು ಬರೆಯುವ ಮೊದಲು ಐದು ಮುಖಗಳನ್ನು ತೋರಿಸಿ, ನಿಮ್ಮ ಮನಸ್ಸು ಈಗ ಹೇಗಿದೆ ಆರಿಸಿ ಅನ್ನುತ್ತಿತ್ತು. ಮ್ಯಾನೇಜರು ಅಳುವ ಮುಖ ಒತ್ತಿದರು. 'ಅಭಿನಂದನೆಗಳು!' ಎಂದು ಅದು ಬಣ್ಣದ ಕಾಗದದ ಚೂರು ಹಾರಿಸಿತು. ಅವನು ಅದಕ್ಕೂ ಎಂಟು ಕೊಟ್ಟ. ಮೇಡಂ ಮತ್ತೆ ನೋಡಿದರು. ಅವರು ಇಪ್ಪತ್ತೆರಡು ವರ್ಷದಿಂದ ಸ್ಕ್ರೂ, ಬೆಲ್ಟು, ರಬ್ಬರ್ ಉಂಗುರಗಳಲ್ಲಿ ಯಾವುದು ಅಸಲಿ ಯಾವುದು ನಕಲಿ ಎಂದು ನೋಡುತ್ತ ಬಂದವರು, ಆ ನೋಟದಡಿ ಅವನಿಗೆ ತಾನೊಂದು ನಕಲಿ ರಬ್ಬರ್ ಉಂಗುರ ಅನ್ನಿಸುತ್ತಿತ್ತು.

ಇವತ್ತು ಶುಕ್ರವಾರ. ಎಲ್ಲರಿಗಿಂತ ಮೊದಲು ಆಫೀಸಿಗೆ ಹೋಗಿ ಪರೀಕ್ಷೆಯವರ ದೂರು ತೆರೆದ. ತಿದ್ದಲು ಬರುವುದು ಕೊನೆಯ ಷರಾ ಮಾತ್ರ ಎಂದು ಗೊತ್ತಿದ್ದರೂ ಸುಮ್ಮನಿರಲಾಗಲಿಲ್ಲ. ನಿನ್ನೆ ಸಂಜೆ 'ಎರಡು ಅಂಕ ಕೊಡುತ್ತೇನೆ. ನಾನು ಇಷ್ಟು ಸಣ್ಣವನೇ?' ಎಂದು ಬರೆದಿದ್ದ. ಅದನ್ನು ಅಳಿಸಿ 'ಪರಿಶೀಲನೆಯಲ್ಲಿದೆ' ಎಂದು ಹಾಕಿದ. ಅದರ ಹಿಂದೆ ಮೂರು ಸಾವಿರ ಷರಾಗಳು ಉಸಿರು ಬಿಗಿಹಿಡಿದು ಕುಳಿತಿದ್ದವು. ಅವುಗಳಲ್ಲಿ ಬಹುಪಾಲು ಬಿಡಿ, ಮ್ಯಾನೇಜರನ್ನು ಬೈದದ್ದು, ಮೂರು ವಾರಕ್ಕೆಂದು ಬಂದು ಏಳು ತಿಂಗಳು ಉಳಿದ ಭಾವಮೈದುನನನ್ನು ಬೈದದ್ದು. ಓದಿದವರು ನಕ್ಕಾರು, ನಕ್ಕರೆ ನಗಲಿ. ಅವನು ಹೆದರುತ್ತಿದ್ದದ್ದು ಒಂದೇ ಒಂದು ಷರಾ ನೆನೆದು. ಆರು ವರ್ಷದ ಹಿಂದಿನದು. ಅತ್ತೆ ತೀರಿಕೊಂಡು ಮೂರನೆಯ ದಿನ ಆಫೀಸಿಗೆ ಬಂದು ಅವನು ಬರೆದಿದ್ದ: 'ಅತ್ತೆ ಹೋದರು. ನನಗೆ ಅಳು ಬರಲಿಲ್ಲ. ಜೋರು ಹಸಿವಾಗಿತ್ತು.' ಆಸ್ಪತ್ರೆಯ ಕಾರಿಡಾರು. ಬೆಂಚಿನ ಮೇಲೆ ಹೆಂಡತಿ ಗೋಡೆಗೊರಗಿ ಕುಳಿತಿದ್ದಳು, ಅವನು ಅವಳ ಭುಜದ ಮೇಲೆ ಕೈಯಿಟ್ಟಿದ್ದ, ಕಣ್ಣು ಮಾತ್ರ ಕಾರಿಡಾರಿನ ತುದಿಯಲ್ಲಿದ್ದ ಬಿಸ್ಕತ್ತಿನ ಅಂಗಡಿಯ ಗಾಜಿನ ಮೇಲೆ ನೆಟ್ಟಿತ್ತು. ಅತ್ತೆ ಅವನನ್ನು ಸ್ವಂತ ಮಗನಿಗಿಂತ ಹೆಚ್ಚಾಗಿ ನೋಡಿಕೊಂಡವರು. ಕಡೆಗೆ, ಶೌಚಕ್ಕೆ ಹೋಗಿಬರುತ್ತೇನೆಂದು ಹೇಳಿ ಹೋಗಿ, ಕಂಬದ ಮರೆಯಲ್ಲಿ ನಿಂತು ಒಂದು ಪೊಟ್ಟಣ ಬಿಸ್ಕತ್ತು ತಿಂದು, ಬಾಯಿ ಒರೆಸಿಕೊಂಡು ಬಂದು, ಮತ್ತೆ ಭುಜದ ಮೇಲೆ ಕೈಯಿಟ್ಟಿದ್ದ. ಹೆಂಡತಿ ಇದನ್ನು ಓದಿದರೆ? ಹೊಸ ಪೋರ್ಟಲ್ ಗ್ರಾಹಕರ ಫೋನಿಗೆ ಎಲ್ಲವನ್ನೂ ತೋರಿಸುತ್ತದೆ. ಗ್ರಾಹಕರ ಫೋನ್ ಅವಳದು.

ಸಭಾಕೊಠಡಿಯ ಕುರ್ಚಿಗಳು ಕೂತ ತಕ್ಷಣ ಉಸ್ಸೆಂದು ಕೆಳಗಿಳಿಯುತ್ತಿದ್ದವು. ಮ್ಯಾನೇಜರು ಮಾತ್ರ ಗಟ್ಟಿ ಕುರ್ಚಿ ಹಿಡಿದಿದ್ದರಿಂದ ಉಳಿದವರ ಗಲ್ಲ ಮೇಜಿನ ಮಟ್ಟಕ್ಕೆ ಬರುತ್ತಿತ್ತು. ಆ ಎತ್ತರದಿಂದ ಅವನು ಪೋರ್ಟಲ್ಲಿನವಳನ್ನು ನೋಡಿದ. ಮೂವತ್ತು ದಾಟಿರದ ಹುಡುಗಿ, ನೀಟಾಗಿ ಜಡೆ ಹಾಕಿಕೊಂಡು, ನಗುನಗುತ್ತ ತಂತಿಗಳನ್ನು ಜೋಡಿಸಿದಳು. ಚಕ್ರ ತಿರುಗಲಿಲ್ಲ. ಒಂದೇ ಏಟಿಗೆ ಗೋಡೆಯ ಮೇಲೆ ಪುಟ ಮೂಡಿತು. ದೇವರೇ, ಇದು ಕೆಲಸ ಮಾಡುತ್ತದೆ ಎಂದುಕೊಂಡ ಅವನು.

'ಸಾಮಾನ್ಯವಾಗಿ ಸುಳ್ಳು ಗ್ರಾಹಕರನ್ನ ಇಟ್ಕೊಂಡು ತೋರಿಸ್ತಾರೆ ಸರ್,' ಅಂದಳು ಅವಳು. 'ನಾವು ಹಾಗೆ ಮಾಡಲ್ಲ. ನಿಮ್ಮದೇ ನಿಜವಾದ ದೂರು ತಗೊಂಡಿದ್ದೀವಿ. ನಿಮ್ಮಲ್ಲಿ ಅತಿ ಹೆಚ್ಚು ಕಾಲ ತೆರೆದಿರೋ ದೂರು. ಹನ್ನೊಂದು ವರ್ಷ ಸರ್! ಗ್ರಾಹಕರ ಹೆಸರು ಪರೀಕ್ಷೆ.'

'ಹನ್ನೊಂದು ವರ್ಷನಾ?' ಮ್ಯಾನೇಜರು ನೆಟ್ಟಗೆ ಕೂತರು. 'ಯಾರ್ರೀ ಅದು ಪರೀಕ್ಷೆ? ಏನು ತೊಂದರೆ?'

'ಶಬ್ದ ಬರ್ತಿದೆಯಂತೆ ಸರ್.'

'ಹನ್ನೊಂದು ವರ್ಷದಿಂದ ಶಬ್ದ! ಪಾಪ, ಕಿವಿ ಏನಾಗಿರಬೇಕು ಅವರದು!'

ಅವನು ಎದ್ದು, ಶೌಚಕ್ಕೆ ಹೋಗಿಬರುತ್ತೇನೆ ಅನ್ನಬೇಕೆಂದುಕೊಂಡ. ವಿದ್ಯುತ್ ಹೋಗಲಿ ಎಂದು ಹಾರೈಸಿದ. ಕುರ್ಚಿ ಇನ್ನೊಂದು ಅಂಗುಲ ಕೆಳಗಿಳಿಯಿತು. ಪೋರ್ಟಲ್ಲಿನವಳು ಹೇಳುತ್ತಲೇ ಇದ್ದಳು, ಎಡಗಡೆ ಕಾಣೋದು ನಿಮ್ಮ ಸಿಬ್ಬಂದಿ ಬರೆದ ಷರಾ ಸರ್, ಬಲಗಡೆ ಕಾಣೋದು ಗ್ರಾಹಕರು ಬರೆದ ಅಭಿಪ್ರಾಯ. ಬಲಗಡೆ? ಅವನಿಗೆ ಅರ್ಥವಾಗಲಿಲ್ಲ. ಇಲ್ಲದ ಗ್ರಾಹಕರಿಗೆ ಯಾವ ಅಭಿಪ್ರಾಯ?

'ಗ್ರಾಹಕರು ಎಲ್ಲಿ ಬರೆದ್ರು?' ಎಂದು ಮೇಡಂ ಕೇಳಿದರು.

'ಜಾಬ್ ಕಾರ್ಡಿನಲ್ಲಿ ಮೇಡಂ. ದೂರು ತೆರೆದೇ ಇದ್ರೆ ಮೂರು ತಿಂಗಳಿಗೊಂದು ಸಲ ನಿಮ್ಮ ನೆಲಮಾಳಿಗೆ ವರ್ಕ್‌ಶಾಪಲ್ಲಿ ತಾನಾಗೇ ಕಾರ್ಡ್ ಪ್ರಿಂಟ್ ಆಗತ್ತಲ್ಲ, ಅದನ್ನ ಹಿಡ್ಕೊಂಡು ಮೆಕ್ಯಾನಿಕ್ ಮನೆಗೆ ಹೋಗ್ತಾರಲ್ಲ? ಹಿಂದಿನ ಮೂರು ತಿಂಗಳ ಷರಾ ಅಷ್ಟೂ ಕಾರ್ಡಿನ ಹಿಂಬದಿಯಲ್ಲಿ ಪ್ರಿಂಟ್ ಆಗಿರತ್ತೆ. ಕೆಳಗಡೆ ಗ್ರಾಹಕರು ಅಭಿಪ್ರಾಯ ಬರೆದು ಸಹಿ ಹಾಕ್ತಾರೆ. ಆ ಕಾರ್ಡುಗಳನ್ನ ಯಾರೂ ಕಂಪ್ಯೂಟರಿಗೆ ಹಾಕಿರಲಿಲ್ಲ, ದಾರ ಕಟ್ಟಿ ಇಟ್ಟಿದ್ರು. ನಾವು ನಲವತ್ತನಾಲ್ಕೂ ಸ್ಕ್ಯಾನ್ ಮಾಡಿದ್ದೀವಿ.'

ನಲವತ್ತನಾಲ್ಕು ಸಲ ಮೆಕ್ಯಾನಿಕ್ ಅವನ ಮನೆಗೆ ಹೋಗಿದ್ದ. ಹಗಲು ಹೊತ್ತು, ಅವನು ಇಲ್ಲಿ ಕುಳಿತು ಹಸಿರು ಅಕ್ಷರ ನೋಡುತ್ತಿದ್ದಾಗ, ಬಾಗಿಲು ತಟ್ಟಿ 'ಪರೀಕ್ಷೆಯವರ ಮನೆ ಇದೇನಾ' ಎಂದು ಕೇಳಿದ್ದ. ಹೆಂಡತಿ ಹೌದು ಅಂದಿದ್ದಳು! ಅವರ ಮನೆಯ ಮೆಶಿನ್ ಹದಿಮೂರು ವರ್ಷದಿಂದ ಒಂದು ಸಲವೂ ಕೆಟ್ಟಿರಲಿಲ್ಲ, ನಮ್ಮ ಕಂಪನಿಯ ಮಾಲು ಅಂದರೆ ಹೀಗಿರಬೇಕು ಎಂದು ಅವನು ನೆಂಟರ ಮುಂದೆ ಎದೆಯುಬ್ಬಿಸಿ ಹೇಳಿದ್ದುಂಟು. ಗೋಡೆಯ ಮೇಲೆ ಬಲಗಡೆಯಲ್ಲಿ ಈಗ ನೀಲಿ ಶಾಯಿಯ ಕೈಬರಹ ದೊಡ್ಡದಾಗಿ ಮೂಡಿತು. ಅಡುಗೆಮನೆಯ ಬಾಗಿಲಿಗೆ ಅಂಟಿಸಿರುತ್ತಿದ್ದ ಸಾಮಾನಿನ ಚೀಟಿಗಳಲ್ಲಿ ಅವನು ಇಪ್ಪತ್ತಾರು ವರ್ಷದಿಂದ ನೋಡಿದ ಕೈಬರಹ, ಸಾಲು ಮುಗಿಯುತ್ತ ಮುಗಿಯುತ್ತ ಮೇಲಕ್ಕೆ ಏರುವಂಥದು.

ಮ್ಯಾನೇಜರು ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಲು ಶುರುಮಾಡಿದರು. '"ಬಸ್ಸಲ್ಲಿ ಒಬ್ಬಳು ನನ್ನನ್ನು ತಾತಾ ಅಂದಳು. ಜಾಗ ಬಿಟ್ಟುಕೊಟ್ಟಳು." ಏನ್ರೀ ಇದು, ಷರಾನಾ? ಗ್ರಾಹಕರು ಏನಂತಾರೆ ನೋಡೋಣ. "ಕೂದಲಿಗೆ ಬಣ್ಣ ಹಚ್ಚಬೇಡಿ. ಹೀಗೇ ಚೆನ್ನಾಗಿದೆ. ಶಬ್ದ ಇನ್ನೂ ಇದೆ." ಆಹಾ! ಮುಂದಕ್ಕೆ ಹೋಗಮ್ಮ. "ಮ್ಯಾನೇಜರು ಎಲ್ಲರೆದುರು ನಿಧಾನ ಅಂದರು. ನಿಧಾನ ಅಲ್ಲ, ಎಚ್ಚರ."' ಅವರು ನಿಲ್ಲಿಸಿದರು. ಅವನು ಕಣ್ಣು ಮುಚ್ಚಿಕೊಂಡ. 'ಇದು ಹಿಂದಿನ ಮ್ಯಾನೇಜರ ಕಾಲದ್ದಿರ್ಬೇಕು,' ಅಂದರು ಮ್ಯಾನೇಜರು. 'ಮನುಷ್ಯ ಸ್ವಲ್ಪ ಒರಟು ಅಂತ ನಾನೂ ಕೇಳಿದ್ದೆ.' ಷರಾದ ಪಕ್ಕದಲ್ಲಿ ಈ ವರ್ಷದ ದಿನಾಂಕ ಎದ್ದು ಕಾಣುತ್ತಿತ್ತು. ಮೇಡಂ ಅದನ್ನು ನೋಡಿದರು, ಮ್ಯಾನೇಜರನ್ನು ನೋಡಿದರು, ತಮ್ಮ ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದರು. ಮ್ಯಾನೇಜರು ಓದು ಮುಂದುವರಿಸಿದರು. 'ಗ್ರಾಹಕರು ಬರೀತಾರೆ: "ಅಂದರೆ ಅಂದುಕೊಳ್ಳಲಿ. ಡಬ್ಬಿಯಲ್ಲಿ ಅರ್ಧ ಉಳಿಸಿ ತರಬೇಡಿ. ಶಬ್ದ ಇನ್ನೂ ಇದೆ."'

'ಡಬ್ಬಿ?' ಅಂದರು ಮ್ಯಾನೇಜರು. ಕನ್ನಡಕ ತೆಗೆದರು. 'ಯಾರ್ರೀ ಇದು, ಸಿಬ್ಬಂದಿ ಸಂಖ್ಯೆ ಹದಿನಾಲ್ಕು?'

'ಹಳೇ ಸಂಖ್ಯೆ ಸಾರ್, ನಿವೃತ್ತರಾದವರು ಯಾರೋ ಇರ್ಬೇಕು,' ಎಂದು ಮೇಡಂ ಥಟ್ಟನೆ ಅಂದರು. ಅವನಿಗೆ ಆಶ್ಚರ್ಯವಾಯಿತು. ಇಷ್ಟು ದಿನ ಆಕೆ ತನ್ನನ್ನು ನಕಲಿಯೆಂದು ಅಳೆಯುತ್ತಿದ್ದಾರೆ ಅಂದುಕೊಂಡಿದ್ದ. ಸುಮ್ಮನೆ ಕುಳಿತಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಕುಂಟು ನೆಪವೊಂದನ್ನು ಯಾರೋ ಬೆಳ್ಳಿತಟ್ಟೆಯಲ್ಲಿಟ್ಟು ಕೊಟ್ಟಾಗ ತೆಗೆದುಕೊಳ್ಳದೆ ಇರುವಷ್ಟು ಧೈರ್ಯವಂತ ಅವನಲ್ಲ. ಆದರೂ ಗೋಡೆಯ ಮೇಲಿನ ಆ ನೀಲಿ ಅಕ್ಷರಗಳ ಎದುರು, ಆ ಬರಹ ತನಗಲ್ಲ ಅನ್ನುವುದು ಅವನಿಂದ ಆಗಲಿಲ್ಲ. ತರಗತಿಯಲ್ಲಿ ಎತ್ತುವ ಹಾಗೆ ಕೈಯೆತ್ತಿದ. 'ನಾನು ಸಾರ್.'

ಮ್ಯಾನೇಜರು ಅವನ ಕೈಯನ್ನೂ ಗೋಡೆಯನ್ನೂ ಸರದಿಯಂತೆ ನೋಡಿ, ದನಿ ತಗ್ಗಿಸಿದರು. 'ರೀ... ಈ ಗ್ರಾಹಕರು ಹೆಂಗಸಾ?'

'ಹೌದು ಸಾರ್.'

'ಹನ್ನೊಂದು ವರ್ಷದಿಂದ? ಡಬ್ಬಿ ವಿಚಾರ, ಕೂದಲ ವಿಚಾರ? ಏನ್ರೀ, ನೋಡಿದ್ರೆ ಸಾಧು ಥರ ಇದ್ದೀರಲ್ರೀ! ಮನೇಲಿ ಗೊತ್ತಾ?'

'ಅವಳೇ ಸಾರ್ ಮನೆ. ಅಂದ್ರೆ, ಅವಳು ನನ್ನ ಹೆಂಡತಿ.'

'ಎಲ್ಲರೂ ಹಾಗೇ ಅನ್ನೋದು,' ಅಂದರು ಮ್ಯಾನೇಜರು. 'ಹೆಂಡತಿ ಗಂಡನಿಗೆ ಜಾಬ್ ಕಾರ್ಡಲ್ಲಿ ಯಾಕ್ರೀ ಬರೀತಾಳೆ? ಮನೇಲಿ ಬಾಯಿ ಇಲ್ವಾ?'

ಪೋರ್ಟಲ್ಲಿನವಳು ಪಾಪ, ತನ್ನ ಪ್ರದರ್ಶನ ಹಳ್ಳ ಹಿಡಿಯಿತೇನೋ ಎಂದು ಗಾಬರಿಯಾಗಿ, ಹಿಂದಿನ ವರ್ಷಗಳಿಗೂ ಹೀಗೇ ಸಲೀಸಾಗಿ ಹೋಗಬಹುದು ಸರ್ ಎಂದು ಸರಸರನೆ ಪುಟ ಜಾರಿಸತೊಡಗಿದಳು. ಎಡಗಡೆ ಅವನ ಹನ್ನೊಂದು ವರ್ಷ, ಬಲಗಡೆ ಹೆಂಡತಿಯ ಹನ್ನೊಂದು ವರ್ಷ, ಅಕ್ಕಪಕ್ಕ ಓಡಿದವು. 'ಭಾವಮೈದುನ ಇವತ್ತೂ ನನ್ನ ಟವೆಲ್ ಹೊದ್ದು ಕೂತಿದ್ದ.' 'ಹೊಸದು ತಂದಿದ್ದೇನೆ, ನೀಲಿ ನಿಮ್ಮದು. ತಮ್ಮನಿಗೆ ಹೇಳಿದ್ದೇನೆ.' ಆ ನೀಲಿ ಟವೆಲ್ ಸೋಪಿನ ಜೊತೆ ಬಿಟ್ಟಿ ಬಂದದ್ದೆಂದು ಅವನು ತಿಳಿದಿದ್ದ. 'ಅವಳು ಮಾತಾಡದೆ ಇದ್ದಾಗಲೂ ಇವತ್ತು ಹೂಂ ಅಂದೆ.' 'ಕೇಳಿಸಿತು.' ಅಷ್ಟೇ, ಒಂದೇ ಪದ, ಪಕ್ಕದಲ್ಲಿ ಸಹಿ. ಮೇಡಂ ಫಕ್ಕನೆ ನಕ್ಕು, ಕೆಮ್ಮಿದಂತೆ ಮಾಡಿದರು. ಪುಟ ಇನ್ನೂ ಹಿಂದಕ್ಕೆ ಜಾರಿತು, ಎಂಟನೆಯ ವರ್ಷ, ಏಳನೆಯ ವರ್ಷ, ಅವನಿಗೆ ಮುಂದೇನು ಬರುತ್ತದೆಂದು ಗೊತ್ತಾಯಿತು, ನಿಲ್ಲಿಸಮ್ಮ ಎನ್ನಲು ಬಾಯಿ ತೆರೆದ. ಹುಡುಗಿ ತಾನಾಗಿಯೇ ನಿಲ್ಲಿಸಿದಳು, ಆದರೆ ಸರಿಯಾಗಿ ಅಲ್ಲೇ. ಅತ್ತೆ ಹೋದರು. ನನಗೆ ಅಳು ಬರಲಿಲ್ಲ. ಜೋರು ಹಸಿವಾಗಿತ್ತು. ಗೋಡೆಯುದ್ದಕ್ಕೂ, ಅಂಗೈಯಗಲದ ಅಕ್ಷರಗಳಲ್ಲಿ. ಯಾರೂ ಓದಿ ಹೇಳಲಿಲ್ಲ. ಅವನು ಬಲಗಡೆ ನೋಡಲು ಹೆದರಿ ಸ್ವಲ್ಪ ಹೊತ್ತು ಕಿಟಕಿಯ ಪರದೆಯ ಮೇಲೆ ಕೂತ ನೊಣವನ್ನು ನೋಡಿದ. ಆಮೇಲೆ ನೋಡಿದ. 'ನನಗೂ ಹಸಿವಾಗಿತ್ತು. ನಾಚಿಕೆಯಾಗಿ ಯಾರಿಗೂ ಹೇಳಲಿಲ್ಲ. ನನಗೂ ಎರಡು ಬಿಸ್ಕತ್ತು ತರಬಾರದಿತ್ತೇ?'

ಅವನಿಗೆ ಅಳು ಬಂತು. ಆರು ವರ್ಷ ತಡವಾಗಿ, ಸಭಾಕೊಠಡಿಯಲ್ಲಿ, ಗಲ್ಲ ಮೇಜಿನ ಮಟ್ಟದಲ್ಲಿದ್ದಾಗ ಬಂತು. ತಾನು ಕಂಬದ ಮರೆಯಲ್ಲಿ ನಿಂತದ್ದು ಅವಳಿಗೆ ಕಂಡಿತ್ತು. ಕಂಡೂ ಆರು ವರ್ಷ ಒಂದು ಮಾತಾಡದೆ ಅವಳು ಅವನ ಪಕ್ಕದಲ್ಲಿ ನಡೆದಿದ್ದಳು, ಉಂಡಿದ್ದಳು, ಮಲಗಿದ್ದಳು. ಅವನು ಕರವಸ್ತ್ರಕ್ಕೆ ಜೇಬು ತಡಕಿದ, ಸಿಕ್ಕಲಿಲ್ಲ, ಅಂಕದ ಹಾಳೆಯಲ್ಲೇ ಮೂಗು ಒರೆಸಿಕೊಂಡ. ಮೇಡಂ ತಮ್ಮ ಹತ್ತಿರವಿದ್ದ ಹೆಚ್ಚುವರಿ ಹಾಳೆಯೊಂದನ್ನು ಅವನ ಕಡೆ ಸರಿಸಿದರು. ಹಳೆಯ ಮಾಹಿತಿಯ ವರ್ಗಾವಣೆ ಎಂಬ ಕಲಮಿನ ಮುಂದೆ ಅವನು ಏನನ್ನೂ ಯೋಚಿಸದೆ ಒಂದು ಸಂಖ್ಯೆ ಬರೆದ. ಮ್ಯಾನೇಜರು ಅದನ್ನು ನೋಡಿ, 'ರೀ, ಹತ್ತಕ್ಕೆ ಹನ್ನೊಂದು ಕೊಡೋಕಾಗಲ್ಲ ಕಣ್ರೀ' ಎಂದು ಮೆತ್ತಗೆ ಹೇಳಿ, ತಾವೇ ತಿದ್ದಿ ಹತ್ತು ಮಾಡಿದರು. ಆಮೇಲೆ ಗಂಟಲು ಸರಿಮಾಡಿಕೊಂಡು, ತಾವು ಮ್ಯಾನೇಜರೆನ್ನುವುದು ನೆನಪಾದವರಂತೆ, 'ಆದ್ರೂ ಹನ್ನೊಂದು ವರ್ಷದ ದೂರು ನಮ್ಮ ಮರ್ಯಾದೆ ಪ್ರಶ್ನೆ. ಇವತ್ತೇ ಮುಗಿಸಿಬಿಡಮ್ಮ ಅದನ್ನ' ಅಂದರು. ಪೋರ್ಟಲ್ಲಿನವಳು ಗುಂಡಿಯೊಂದನ್ನು ಒತ್ತಿದಳು. ನಾವಾಗಿ ಮುಗಿಸೋಕೆ ಬರಲ್ಲ ಸರ್, ಗ್ರಾಹಕರಿಗೆ ಸಂದೇಶ ಹೋಗತ್ತೆ, ಪರಿಹಾರ ಆಗಿದೆ ಅಂತ ಅವರು ಒತ್ತಿದ್ರೆ ಮಾತ್ರ ಮುಗಿಯೋದು, ಅಂದಳು.

ಮನೆಗೆ ಬರುವ ದಾರಿಯಲ್ಲಿ ಬಸ್ಸಿನಲ್ಲಿ ಜಾಗವಿದ್ದರೂ ಅವನು ನಿಂತೇ ಬಂದ. ಏನು ಹೇಳಬೇಕೆಂದು ಅಭ್ಯಾಸ ಮಾಡಿದ. ಕ್ಷಮಿಸು ಎಂಬ ಮಾತು ಬಾಯಿಯಲ್ಲಿ ಬೇರೆಯವರ ಹಲ್ಲಿನ ಸೆಟ್ಟಿನ ಹಾಗೆ ಆಡಿತು. ಇಷ್ಟು ವರ್ಷ ತಾನು ಯಾರಿಗೂ ಕೇಳಿಸುವುದಿಲ್ಲವೆಂದು ಗೊಣಗಿದ್ದನ್ನು ಒಬ್ಬರು ಕಿವಿಗೊಟ್ಟು ಕೇಳಿದ್ದರು, ಆ ಒಬ್ಬರು ಎದುರಿಗೆ ಕೂತು ಏನಾದರೂ ಹೇಳಿದಾಗ ತಾನು ಹೂಂ ಅಂದಿದ್ದ. ಈ ಲೆಕ್ಕ ಅವನಿಗೆ ಎಷ್ಟು ಸಲ ಮಾಡಿದರೂ ಒಂದೇ ಉತ್ತರ ಕೊಡುತ್ತಿತ್ತು. ಒಂದು ನಿಲ್ದಾಣ ಮುಂದಕ್ಕೆ ಹೋಗಿ ಇಳಿದು, ಹಿಂದಕ್ಕೆ ನಡೆದ.

ಅವಳು ಮಂಚದ ಮೇಲೆ ಒಣಗಿದ ಬಟ್ಟೆ ಗುಡ್ಡೆ ಹಾಕಿಕೊಂಡು ಮಡಚುತ್ತಿದ್ದಳು. ಫೋನು ದಿಂಬಿನ ಮೇಲಿತ್ತು. ಅವನು ಚಪ್ಪಲಿ ಬಿಡುವುದನ್ನೂ ಮರೆತು ಕೋಣೆಯ ಬಾಗಿಲಲ್ಲಿ ನಿಂತ.

'ನಿಮ್ಮ ಆಫೀಸಿಂದ ಏನೋ ಬಂದಿದೆ,' ಅಂದಳು ಅವಳು ತಲೆಯೆತ್ತದೆ. '"ಪ್ರಿಯ ಪರೀಕ್ಷೆ, ನಿಮ್ಮ ದೂರು ಪರಿಹಾರವಾಗಿದೆಯೇ?" ಅಂತೆ.'

ಹೂಂ ಗಂಟಲವರೆಗೂ ಬಂದಿತ್ತು. ಅವನು ಅದನ್ನು ನುಂಗಿಕೊಂಡ. 'ಇವತ್ತು ಎಲ್ಲಾ ನೋಡ್ದೆ ಕಣೆ,' ಅಂದ.

'ಎಲ್ಲಾ ಅಂದ್ರೆ?'

'ನಲವತ್ನಾಲ್ಕೂ.'

ಅವಳ ಕೈ ಒಂದು ಅಂಗಿಯ ತೋಳಿನ ಮೇಲೆ ನಿಂತಿತು. ಆಮೇಲೆ ಮತ್ತೆ ಮಡಚತೊಡಗಿದಳು. ಕಿವಿ ಮಾತ್ರ ಕೆಂಪಾಗಿತ್ತು. 'ಮೆಕ್ಯಾನಿಕ್ ಬಂದಿದ್ರು ಅಂತ ಪ್ರತಿ ಸಲಾನೂ ಹೇಳ್ತಿದ್ದೆ ನಿಮಗೆ,' ಅಂದಳು. 'ಮುಚ್ಚಿಟ್ಟಿದ್ದೆ ಅಂತ ಮಾತ್ರ ಅನ್ಬೇಡಿ.'

'ಮೊದಲ್ನೇ ಸಲ ಓದ್ದಾಗ ಕೋಪ ಬರ್ಲಿಲ್ವಾ?'

'ಬರದೆ ಏನು! ಹತ್ತು ದಿನ ನಿಮ್ಮ ಜೊತೆ ಮಾತು ಬಿಟ್ಟಿದ್ದೆ.'

'ಯಾವಾಗ?'

'ನೋಡಿದ್ರಾ, ಗೊತ್ತೇ ಆಗಿಲ್ಲ,' ಅಂದಳು. ನಗಬಾರದೆಂದು ತುಟಿ ಬಿಗಿಹಿಡಿದು, ಸೋತು ನಕ್ಕಳು. ಅವನಿಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. 'ಆಮೇಲೆ ಮುಂದಿನ ಕಾರ್ಡು ಯಾವಾಗ ಬರತ್ತೋ ಅಂತ ಕಾಯೋಕೆ ಶುರುಮಾಡ್ದೆ. ಆ "ಶಬ್ದ ನಿಂತಿದೆಯೇ" ಅನ್ನೋ ಚೌಕಕ್ಕೆ ಟಿಕ್ ಹಾಕ್ಬಿಟ್ರೆ ಮೆಕ್ಯಾನಿಕ್ ಇನ್ನು ಬರಲ್ಲ ಅಂದ್ರು. ಅದಕ್ಕೇ ಹಾಕ್ಲಿಲ್ಲ. ಮೆಶಿನ್ ಏನೋ ಬೆಣ್ಣೆ ಥರ ತಿರುಗತ್ತೆ, ಪಾಪ, ಆತ ಕಿವಿ ಇಟ್ಟು ಇಟ್ಟು ಕೇಳ್ತಿದ್ದ. ಈಗ ಹೌದು ಅಂತ ಒತ್ತಿದ್ರೆ ಇನ್ನು ಕಾರ್ಡ್ ಬರಲ್ಲ ಅಲ್ವಾ?'

'ಒತ್ತದೆ ಇದ್ರೂ ಬರಲ್ಲ. ಹೊಸದರಲ್ಲಿ ಕಾರ್ಡೇ ಇಲ್ಲ. ಷರಾನೂ ಬರೀಬೇಕಾಗಿಲ್ಲ.'

ಅವಳ ಮುಖ ಚಿಕ್ಕದಾಯಿತು. ಅದನ್ನು ಅವನು ಕಂಡ; ಬಹಳ ವರ್ಷದ ಮೇಲೆ ಅವಳ ಮುಖ ಏನಾಗುತ್ತದೆಂದು ನೋಡುತ್ತ ನಿಂತಿದ್ದ. ಅವನು ಇವತ್ತು ಇಡೀ ದಿನ ಹೆದರಿದ್ದು ಅವಳಿಗೆ ಎಲ್ಲ ಗೊತ್ತಾಗಿಬಿಡುತ್ತದೆ ಎಂದು. ಇನ್ನು ಮುಂದೆ ಅವಳಿಗೆ ಏನೂ ಗೊತ್ತಾಗುವುದಿಲ್ಲ ಎಂಬುದು ಅದಕ್ಕಿಂತ ದೊಡ್ಡ ಭಯವಾಗಿ ಈಗ ಎದುರಿಗೆ ಬಂತು. ಅವಳು ಫೋನು ಎತ್ತಿಕೊಂಡು, ಕಣ್ಣಿನಿಂದ ದೂರ ಹಿಡಿದು, ಬೆರಳಿನಿಂದ ಜೋರಾಗಿ ಒತ್ತಿದಳು.

'ಏನು ಒತ್ತಿದೆ?'

'ಇಲ್ಲ ಅಂತ.' ಫೋನು ಟಿಣ್ ಅಂದಿತು. ಅವಳು ಓದಿದಳು. '"ವಿಷಾದಿಸುತ್ತೇವೆ. ನಮ್ಮ ಪ್ರತಿನಿಧಿ ಶೀಘ್ರದಲ್ಲೇ ನಿಮ್ಮೊಂದಿಗೆ ಮಾತನಾಡುತ್ತಾರೆ." ಶೀಘ್ರ ಅಂದ್ರೆ ಎಷ್ಟು ಹೊತ್ತಾಗತ್ತೆ ನಿಮ್ಮಲ್ಲಿ?'

ಅವನು ಬಟ್ಟೆಯ ಗುಡ್ಡೆ ಸರಿಸಿ ಮಂಚದ ಅಂಚಿನಲ್ಲಿ ಕುಳಿತ. ಚಪ್ಪಲಿ ಇನ್ನೂ ಕಾಲಲ್ಲೇ ಇತ್ತು. ಬೆರಳುಗಳು ತೊಡೆಯ ಮೇಲೆ ಇಲ್ಲದ ಅಕ್ಷರಗಳನ್ನು ಹುಡುಕುತ್ತಿದ್ದವು.

'ಎಲ್ಲಿಂದ ಶುರು ಮಾಡ್ಲಿ?' ಅಂದ.

'ಇವತ್ತು ಬೆಳಗ್ಗೆಯಿಂದ ಮಾಡಿ,' ಅಂದಳು ಅವಳು. 'ಹಳೇದೆಲ್ಲಾ ನಾನು ಓದಿಯಾಗಿದೆ.'